ಭೀಮಾತೀರದ ಕೈಗಡಿಯಾರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಮನೆತನಗಳಲ್ಲಿ ಕಪಾಟಿನ ಒಳಖಾನೆಯನ್ನು ತೆರೆದರೆ, ಹೊಲದ ಕಾಗದಪತ್ರಗಳ ಪಕ್ಕದಲ್ಲಿ ಎರಡು ಮೂರು ತಲೆಮಾರುಗಳ ಕೈಗಡಿಯಾರಗಳು ಒಟ್ಟಿಗೆ ಇರುವುದು ಅಪರೂಪವಲ್ಲ. ಅಜ್ಜನು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ತಂದ ಸ್ವಿಟ್ಜರ್ಲೆಂಡಿನ ಗಡಿಯಾರ, ತಂದೆಗೆ ಮದುವೆಯಲ್ಲಿ ಬಂದ ಎಚ್.ಎಂ.ಟಿ., ನೌಕರಿ ಸೇರಿದ ಹೊಸದರಲ್ಲಿ ಕೊಂಡ ಟೈಟನ್, ಇವುಗಳ ಸಾಲಿಗೆ ಈಚೆಗೆ ಡೈವ್ ವಾಚು ಎಂಬ ಹೊಸ ಜಾತಿಯೊಂದು ಬಂದು ಸೇರುತ್ತಿದೆ. ನೀರಿನಾಳಕ್ಕಿಳಿಯುವ ಮುಳುಗುಗಾರರಿಗೆಂದು ನಿರ್ಮಿತವಾದ, ದಪ್ಪ ಗಾಜಿನ, ತಿರುಗುವ ಹೊರಬಳೆಯುಳ್ಳ ಗಡಿಯಾರವಿದು. ಸಮೀಪದ ಸಮುದ್ರವೂ ಮುನ್ನೂರು ಕಿಲೋಮೀಟರಿಗೆ ಮಿಗಿಲಾದ ದೂರದಲ್ಲಿರುವ ಈ ಎರೆಭೂಮಿಯ ನಾಡಿನಲ್ಲಿ ಅದಕ್ಕೇನು ಕೆಲಸವೆಂದು ಕೇಳುವವರುಂಟು. ಆದರೆ ಈ ಪ್ರಾಂತದಲ್ಲಿ ಕಾಲವನ್ನು ಅಳೆದ ಬಗೆಯನ್ನು ತುಸು ಹಿಂದಿನಿಂದ ನೋಡುತ್ತ ಬಂದರೆ, ನೀರಿಗೂ ಕಾಲಮಾಪನಕ್ಕೂ ಇಲ್ಲಿರುವ ಸಂಬಂಧವು ಬಹು ಹಳೆಯದೆಂದೂ, ಮನೆಯಲ್ಲಿರುವ ನಾಲ್ಕಾರು ಗಡಿಯಾರಗಳಲ್ಲಿ ನಿತ್ಯದ ಬಳಕೆಗೆ ಒಂದನ್ನೇ ಆರಿಸಬೇಕಾದವನಿಗೆ ಆ ಚರಿತ್ರೆಯೇ ಉತ್ತರವನ್ನು ಕೊಡುತ್ತದೆಂದೂ ನನ್ನ ನಂಬಿಕೆ.

ಯಂತ್ರದ ಗಡಿಯಾರವು ಬರುವುದಕ್ಕೆ ಮುಂಚೆ ನೀರೇ ಕಾಲದ ಅಳತೆಗೋಲಾಗಿದ್ದಿತು. ಸೂರ್ಯಸಿದ್ಧಾಂತದಲ್ಲಿ ವರ್ಣಿತವಾಗಿರುವ ಕಪಾಲಯಂತ್ರವನ್ನೇ ನಮ್ಮವರು ಗಳಿಗೆ ಬಟ್ಟಲೆಂದು ಕರೆದರು. ಅರ್ಧಗೋಲಾಕಾರದ ತಾಮ್ರದ ಬಟ್ಟಲು; ಅದರ ತಳದಲ್ಲಿ ಸೂಜಿಮೊನೆಯಷ್ಟೇ ಕಿರಿದಾದ ರಂಧ್ರ. ನಿರ್ಮಲವಾದ ನೀರು ತುಂಬಿದ ಅಗಲ ಪಾತ್ರೆಯ ಮೇಲೆ ಅದನ್ನು ತೇಲಬಿಟ್ಟರೆ, ರಂಧ್ರದಿಂದ ನೀರು ಮೆಲ್ಲಮೆಲ್ಲನೆ ಮೇಲೇರಿ, ಬಟ್ಟಲಿನ ಅಂಚಿಗೆ ಮುಟ್ಟಿ, ಕೊನೆಗೆ ಅದು ಮುಳುಗಿ ತಳವನ್ನು ಸೇರುವುದು. ಹಗಲು ರಾತ್ರಿಗಳೆರಡರಲ್ಲಿ ಅರವತ್ತು ಬಾರಿ ಮುಳುಗುವಂತೆ ರಂಧ್ರವನ್ನು ಕೊರೆಯಬೇಕು; ಒಂದು ಮುಳುಗಿಗೆ ಒಂದು ಘಳಿಗೆ, ಅಂದರೆ ಈಗಿನ ಲೆಕ್ಕದಲ್ಲಿ 24 ನಿಮಿಷ. ವಿವಾಹದ ದಿವಸ ಸೂರ್ಯೋದಯದಿಂದ ಮೊದಲುಮಾಡಿ ಒಬ್ಬನು ಆ ಪಾತ್ರೆಯ ಮುಂದೆಯೇ ಕುಳಿತು, ಮುಳುಗಿದ ಬಟ್ಟಲನ್ನೆತ್ತಿ ಬರಿದುಮಾಡಿ ಮತ್ತೆ ತೇಲಬಿಡುತ್ತ, ಲಗ್ನದ ಘಳಿಗೆ ಬರುವವರೆಗೆ ಎಣಿಸುತ್ತಿರಬೇಕಾಗಿದ್ದಿತು. ನೀರಿನಲ್ಲಿ ಒಂದು ಕಣ ಧೂಳು ಬಿದ್ದು ರಂಧ್ರಕ್ಕೆ ಅಡ್ಡವಾದರೆ ಘಳಿಗೆಯೇ ಉದ್ದವಾಗುವುದು. ಆದುದರಿಂದ ನೀರನ್ನು ವಸ್ತ್ರದಲ್ಲಿ ಸೋಸುವುದೂ ಬಟ್ಟಲನ್ನು ಹುಣಸೆಹಣ್ಣಿನಿಂದ ಬೆಳಗಿಡುವುದೂ ಕಾಲಗಣನೆಯ ಅಂಗಗಳೇ ಆಗಿದ್ದುವು. ಇದೇ ಬಟ್ಟಲನ್ನೂ, ಅದು ಮುಳುಗಿದೊಡನೆ ಬಾರಿಸುತ್ತಿದ್ದ ಕಂಚಿನ ಜಾಗಟೆಯನ್ನೂ ಅಬುಲ್ ಫಜಲನು ತನ್ನ ಆಯಿನೆ ಅಕ್ಬರಿಯಲ್ಲಿ ವಿವರಿಸಿದ್ದಾನೆ. ಮುಳುಗುವುದನ್ನೇ ಧರ್ಮವಾಗಿ ಉಳ್ಳ ಈ ಬಟ್ಟಲು ನಮ್ಮ ನಾಡಿನ ಮೊದಲ ಕಾಲಯಂತ್ರಗಳಲ್ಲಿ ಒಂದಾಗಿದ್ದಿತೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಕಾಲಗಣನೆಯ ಆಸಕ್ತಿಯು ಇಲ್ಲಿಯ ಅರಸರಲ್ಲಿಯೂ ಇದ್ದಿತು. 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಾಹನು ಖಗೋಳವಿದ್ಯೆಯಲ್ಲಿ ಅಭಿರುಚಿಯುಳ್ಳವನು. 1407ರಲ್ಲಿ ದೌಲತಾಬಾದಿನ ಬಳಿ ನಕ್ಷತ್ರವೇಧಶಾಲೆಯೊಂದರ ಕೆಲಸವನ್ನು ಅವನು ಆರಂಭಮಾಡಿಸಿದನಾದರೂ ಅದು ಪೂರ್ತಿಗೊಳ್ಳಲಿಲ್ಲ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಭೀಮಾನದಿಯ ದಂಡೆಯ ಮೇಲೆ ಅವನು ಕಟ್ಟಿಸಿದ ಫಿರೋಜಾಬಾದಿನ ಕೋಟೆಗೋಡೆಗಳು ಇಂದಿಗೂ ನಿಂತಿವೆ.

ಆದರೆ ಸಾಮಾನ್ಯ ಜನರ ಕಾಲಪ್ರಜ್ಞೆಯನ್ನು ಅರಿಯಬೇಕಾದರೆ ಅರಮನೆಗಿಂತ ಗಾಣಗಾಪುರಕ್ಕೆ ಹೋಗಬೇಕು. ಅಫಜಲಪುರ ತಾಲ್ಲೂಕಿನ ಈ ದತ್ತಕ್ಷೇತ್ರದಲ್ಲಿ, ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಭೀಮೆಯನ್ನು ಕೂಡುತ್ತದೆ. ಶ್ರೀ ನರಸಿಂಹ ಸರಸ್ವತಿ ಸ್ವಾಮಿಗಳು ಅನುಷ್ಠಾನಮಾಡಿದ ಸ್ಥಳವದು. ಪ್ರಾತಃಕಾಲದಲ್ಲಿ ಸಂಗಮದಲ್ಲಿ ಮುಳುಗು ಹಾಕುವುದು, ಮಧ್ಯಾಹ್ನದ ಹೊತ್ತಿಗೆ ಮಾಧುಕರಿಯ ಭಿಕ್ಷೆಗೆ ನಿಲ್ಲುವುದು, ಇವೆರಡೂ ಅಲ್ಲಿಯ ಯಾತ್ರಿಕರ ಮುಖ್ಯ ಆಚಾರಗಳು. ದತ್ತಾತ್ರೇಯನು ಮಧ್ಯಾಹ್ನದಲ್ಲಿ ಯಾವುದೋ ರೂಪದಿಂದ ಭಿಕ್ಷೆಗೆ ಬರುವನೆಂಬುದು ಭಕ್ತರ ಶ್ರದ್ಧೆ. ಆ ಮಧ್ಯಾಹ್ನವು ಸೂರ್ಯನ ಮಧ್ಯಾಹ್ನವಾಗಿದ್ದಿತೇ ಹೊರತು ಗಡಿಯಾರದ ಹನ್ನೆರಡು ಗಂಟೆಯಾಗಿರಲಿಲ್ಲ. ಇಲ್ಲೊಂದು ಸೋಜಿಗವಿದೆ. ಭಾರತೀಯ ಪ್ರಮಾಣಸಮಯವು 82.5 ಡಿಗ್ರಿ ಪೂರ್ವರೇಖಾಂಶಕ್ಕೆ ಸೇರಿದುದು. ನಮ್ಮ ಮೂರು ಊರುಗಳು 76 ಡಿಗ್ರಿಗೂ 77 ಡಿಗ್ರಿಗೂ ನಡುವೆ ಇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ, ಋತುವಿಗನುಸಾರವಾದ ಹೆಚ್ಚುಕಡಿಮೆಯನ್ನು ಬಿಟ್ಟು, ಆಳಂದದಲ್ಲಿ ಸೂರ್ಯನು ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡು ಗಂಟೆಯಾದ ಸುಮಾರು 24 ನಿಮಿಷಗಳ ಮೇಲೆ. ಅಂದರೆ ನಮ್ಮ ಹೊತ್ತಿಗೂ ದೇಶದ ಹೊತ್ತಿಗೂ ಇರುವ ಅಂತರವು ಹೆಚ್ಚುಕಡಿಮೆ ಸರಿಯಾಗಿ ಒಂದು ಘಳಿಗೆ, ಬಟ್ಟಲಿನ ಒಂದು ಮುಳುಗು!

ಈ ಅಂತರವನ್ನು ನಮ್ಮವರಿಗೆ ಮೊದಲು ತಿಳಿಸಿಕೊಟ್ಟುದು ಅಗಿನಗಾಡಿ. 1871ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ ತರುವಾಯ ಕಲಬುರಗಿಯ ಮೂಲಕ ರೈಲುಗಳು ಓಡಾಡತೊಡಗಿದುವು. ಗಾಣಗಾಪುರ ರೋಡ್ ಎಂಬ ನಿಲ್ದಾಣವು ಆ ಹಾದಿಯಲ್ಲಿಯೇ ಇದೆ. ರೈಲುಗಳು ಆಗ ಮದರಾಸಿನ ಸಮಯವನ್ನನುಸರಿಸುತ್ತಿದ್ದುವು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣಸಮಯವು ಜಾರಿಗೆ ಬಂದಿತು. ಈ ತಾಲ್ಲೂಕುಗಳಾದರೋ ನಿಜಾಮರ ಸಂಸ್ಥಾನಕ್ಕೆ ಸೇರಿದವು. ಕಚೇರಿಯ ಕಾಗದಗಳಲ್ಲಿ ಫಸಲಿ ಸಂವತ್ಸರ, ಮನೆಯಲ್ಲಿ ಶಾಲಿವಾಹನ ಶಕೆಯ ಪಂಚಾಂಗ, ದರ್ಗಾದಲ್ಲಿ ಹಿಜರಿ, ನಿಲ್ದಾಣದಲ್ಲಿ ಇಂಗ್ಲಿಷ್ ತಾರೀಖು. ಇಷ್ಟೊಂದು ಕಾಲಗಣನೆಗಳ ನಡುವೆ ಬದುಕಿದ ರೈತನೊಬ್ಬನು ರೈಲನ್ನು ತಪ್ಪಿಸಿಕೊಳ್ಳಬಾರದೆಂದರೆ ಜೇಬಿನಲ್ಲಿಯೋ ಕೈಯಲ್ಲಿಯೋ ಒಂದು ಗಡಿಯಾರ ಬೇಕೆನಿಸಿದುದು ಸಹಜವೇ ಆಗಿದೆ.

ಆ ಗಡಿಯಾರಗಳು ಮುಂಬಯಿಯ ಮೂಲಕ ಬಂದುವು. ಸ್ವಿಟ್ಜರ್ಲೆಂಡಿನ ಫೇವರ್ ಲ್ಯೂಬಾ ಮನೆತನದವರು 1865ರಿಂದಲೇ ಹಿಂದೂಸ್ಥಾನದೊಡನೆ ವ್ಯಾಪಾರವನ್ನು ಆರಂಭಿಸಿದ್ದರು; ವೆಸ್ಟ್ ಎಂಡ್ ಕಂಪನಿಯ ‘ಸವಾರ್’ ಎಂಬ ಗಡಿಯಾರವು ಸಿಪಾಯಿಗಳಲ್ಲಿ ಪ್ರಸಿದ್ಧಿಯನ್ನು ಪಡೆದಿದ್ದಿತು. ಮುಂದೆ ಫೇವರ್ ಲ್ಯೂಬಾದವರ ‘ಸೀ ಕಿಂಗ್’, ‘ಸೀ ಚೀಫ್’ ಎಂಬ ಮಾದರಿಗಳು ದೇಶದ ಮೂಲೆಮೂಲೆಗೂ ಹರಡಿದುವು. ಕಡಲಿನ ಹೆಸರನ್ನು ಹೊತ್ತ ಆ ಗಡಿಯಾರಗಳು ಕಡಲನ್ನು ಕಾಣದ ಊರುಗಳಲ್ಲಿ ವಕೀಲರ, ಶಿಕ್ಷಕರ, ಪಟವಾರಿಗಳ ಮಣಿಕಟ್ಟಿನ ಮೇಲೆ ಮೆರೆದುವು. ಆದರೆ ಹೆಸರಿನಲ್ಲಿ ಸಮುದ್ರವಿದ್ದರೂ ನೀರು ಅವುಗಳಿಗೆ ಶತ್ರುವೇ. ಹಿಂದೆ ಕಾಲವನ್ನು ಅಳೆದುಕೊಟ್ಟ ನೀರೇ ಈಗ ಕಾಲಯಂತ್ರದ ಮೃತ್ಯುವಾಯಿತು.

ಆಳಂದದ ಪೇಟೆಯಲ್ಲಿ, ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ರಿಪೇರಿಯವನ ಮುಂದೆ ನಿಂತು ನೋಡಿದವರಿಗೆ ಈ ಮಾತು ಹೊಸದಲ್ಲ. ಅವನು ಹಿಂದಿನ ಮುಚ್ಚಳವನ್ನು ತೆಗೆದೊಡನೆ ಕಾಣುವುದು ಮೊದಲು ಚಾವಿಯ ದಂಡಿಗೆಗೆ ಹಿಡಿದ ತುಕ್ಕು. ಆಮೇಲೆ ಡಯಲಿನ ಅಂಚಿನಲ್ಲಿ ಚಹದ ಬಣ್ಣದ ಕಲೆ. ಕೊನೆಗೆ ಕಪ್ಪಿಟ್ಟು ಗಟ್ಟಿಯಾಗಿ, ಚಿಮಟ ತಾಕಿದರೆ ಪುಡಿಯಾಗುವ ರಬ್ಬರಿನ ಸುತ್ತು. ನೀರು ಒಳನುಗ್ಗುವುದು ಬಹುತೇಕ ಚಾವಿಯ ಬಳಿಯಿಂದ. ಬೇಸಗೆಯಲ್ಲಿ 42 ಡಿಗ್ರಿಯನ್ನು ದಾಟುವ ನಮ್ಮ ಸೆಕೆಯಲ್ಲಿ ಬೆವರೂ ನೀರೇ. ಅದರಲ್ಲಿ ಉಪ್ಪೂ ಸೇರಿರುವುದರಿಂದ ಅದು ಹೊಳೆಯ ನೀರಿಗಿಂತ ಹೆಚ್ಚು ಹಾನಿಕರ. ಎರೆಯ ಸಣ್ಣ ಧೂಳು ಬೆವರಿನೊಡನೆ ಕೂಡಿ ಚಾವಿಯ ಸಂದಿಯಲ್ಲಿ ಮೆತ್ತಿಕೊಂಡರೆ, ಬಟ್ಟಲಿನ ರಂಧ್ರಕ್ಕೆ ಅಡ್ಡವಾಗುತ್ತಿದ್ದ ಧೂಳಿಯ ಉಪದ್ರವವೇ ಹೊಸ ರೂಪದಲ್ಲಿ ಮರಳಿತೆನ್ನಬೇಕು.

ನೀರನ್ನು ಹೊರಗಿಡುವ ವಿದ್ಯೆಯು ಪಾಶ್ಚಾತ್ಯರಿಗೂ ಒಂದೇ ದಿನದಲ್ಲಿ ಸಿದ್ಧಿಸಿದುದಲ್ಲ. 1926ರಲ್ಲಿ ರೋಲೆಕ್ಸ್ ಸಂಸ್ಥೆಯು ಹಿಂಬದಿಯ ಮುಚ್ಚಳವನ್ನೂ ಚಾವಿಯನ್ನೂ ತಿರುಪಿನಿಂದ ಬಿಗಿಯುವ ಆಯ್ಸ್ಟರ್ ಕವಚವನ್ನು ಹೊರತಂದಿತು. ಮರುವರ್ಷದ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಆಂಗ್ಲ ಯುವತಿಯು ಅಂಥದೊಂದು ಗಡಿಯಾರವನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಶೀತಲವಾದ ನೀರಿನಲ್ಲಿ ಹತ್ತು ತಾಸಿನಷ್ಟು ಈಜಿದ ಮೇಲೆ ಅವಳನ್ನು ಮೇಲೆತ್ತಬೇಕಾಯಿತಾದರೂ ಗಡಿಯಾರವು ನಡೆಯುತ್ತಲೇ ಇದ್ದಿತು. ಮುಳುಗುಗಾರರ ನಿಜವಾದ ಗಡಿಯಾರವು ರೂಪುಗೊಂಡುದು 1953ರಲ್ಲಿ: ಫ್ರಾನ್ಸಿನ ನೌಕಾದಳದ ಮುಳುಗುಗಾರರ ನಾಯಕ ರಾಬರ್ ಮಾಲೂಬಿಯೆ ಎಂಬವನ ಬೇಡಿಕೆಯೊಡನೆ ಹೊಂದಿ ಬಂದ ಬ್ಲಾಂಪ್ಯಾನ್ ಸಂಸ್ಥೆಯ ‘ಫಿಫ್ಟಿ ಫ್ಯಾದಮ್ಸ್’, ಅದರ ಹಿಂದೆಯೇ ರೋಲೆಕ್ಸಿನ ‘ಸಬ್‌ಮರೀನರ್’. ಕಪ್ಪು ಡಯಲು, ಕತ್ತಲೆಯಲ್ಲಿ ಹೊಳೆಯುವ ಗುರುತುಗಳು, ನಿಮಿಷಗಳನ್ನು ಕೆತ್ತಿದ ಹೊರಬಳೆ. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಟ್ಟರೆ, ಕಳೆದ ನಿಮಿಷಗಳನ್ನು ಲೆಕ್ಕವಿಲ್ಲದೆ ಓದಬಹುದು. ಆ ಬಳೆಯು ಒಂದೇ ಕಡೆಗೆ ತಿರುಗುವಂತೆ ಮಾಡಿರುವುದರಲ್ಲಿ ದೊಡ್ಡ ವಿವೇಕವಿದೆ: ಅದು ಯಾವುದಕ್ಕಾದರೂ ತಾಗಿ ಸರಿದರೂ ಕಳೆದ ಕಾಲವನ್ನು ಹೆಚ್ಚಾಗಿ ತೋರಿಸೀತೇ ವಿನಾ ಕಡಿಮೆಯಾಗಿ ತೋರಿಸದು; ಆದುದರಿಂದ ಉಸಿರು ತೀರುವ ಮುನ್ನವೇ ಮುಳುಗುಗಾರನು ಮೇಲೆ ಬರುವನು. ನಮ್ಮ ಅಜ್ಜಂದಿರ ಸೀ ಕಿಂಗನ್ನು ಮಾಡಿದ ಫೇವರ್ ಲ್ಯೂಬಾದವರೇ 1968ರಲ್ಲಿ, ನೀರಿನ ಆಳವನ್ನೂ ಮುಳ್ಳಿನಿಂದ ತೋರಿಸುವ ‘ಬ್ಯಾಥಿ’ ಎಂಬ ಗಡಿಯಾರವನ್ನು ನಿರ್ಮಿಸಿದರೆಂಬುದನ್ನು ನಮ್ಮ ಕಡೆಯವರು ತಿಳಿದಿರಬೇಕು.

ಅತ್ತ ಹೀಗಿರಲು, ಇತ್ತ ಕನ್ನಡನಾಡಿನಲ್ಲಿ ಗಡಿಯಾರವು ಬಡವರ ಮನೆಯನ್ನು ಹೊಕ್ಕಿತು. 1961ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ (ಎಚ್.ಎಂ.ಟಿ.) ಕಾರ್ಖಾನೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಕೈಗಡಿಯಾರಗಳನ್ನು ಮಾಡತೊಡಗಿತು. 1956ರಲ್ಲಿ ಇವೇ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ ಆಗ ಐದು ವರ್ಷಗಳಷ್ಟೇ ಆಗಿದ್ದುವು. ಜನತಾ, ಪೈಲಟ್, ಸೋನಾ, ಕಂಚನ್ ಎಂಬ ಹೆಸರುಗಳು ಮನೆಮಾತಾದುವು. ವರನಿಗೆ ಸೈಕಲ್ಲು, ರೇಡಿಯೊ, ಎಚ್.ಎಂ.ಟಿ. ವಾಚು ಎಂಬುದು ಆ ಕಾಲದ ಮದುವೆಯ ಮಾತುಕತೆಗಳಲ್ಲಿ ಖಾಯಮಾದ ಮಾತು. ಪ್ರತಿದಿನ ಬೆಳಗ್ಗೆ ಚಾವಿ ಕೊಟ್ಟರೆ ನಿಷ್ಠೆಯಿಂದ ನಡೆಯುತ್ತಿದ್ದ ಆ ಯಂತ್ರವನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. 1984ರಲ್ಲಿ ಸ್ಥಾಪಿತವಾದ ಟೈಟನ್ ಕಂಪನಿಯು ಕ್ವಾರ್ಟ್ಜ್ ಗಡಿಯಾರಗಳಿಂದ ಮಾರುಕಟ್ಟೆಯನ್ನು ಗೆದ್ದಿತು; 2016ರಲ್ಲಿ ಎಚ್.ಎಂ.ಟಿ. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು ಒಪ್ಪಿಗೆಯನ್ನಿತ್ತಿತು. ತಂದೆಯ ಕಾಲದ ಆ ಜನತಾ ಮತ್ತೆ ಹುಟ್ಟುವುದಿಲ್ಲವಾದುದರಿಂದ ಇರುವುದನ್ನು ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ. ಉಳಿಸಿಕೊಳ್ಳುವುದೆಂದರೆ ಹೊಲಕ್ಕೂ ಹೊಳೆಗೂ ಅದನ್ನು ಒಯ್ಯದಿರುವುದು.

ಹಾಗಾದರೆ ಹೊಲಕ್ಕೂ ಹೊಳೆಗೂ ಒಯ್ಯತಕ್ಕುದು ಯಾವುದು? ನಮ್ಮ ದಿನಚರಿಯನ್ನು ನೋಡಿರಿ. ಆಳಂದದ ಲಾಡ್ಲೆ ಮಶಾಕರ ದರ್ಗಾದಲ್ಲಿ ನಮಾಜಿಗೆ ನಿಲ್ಲುವವನು ದಿನಕ್ಕೆ ಐದು ಸಲ ಮೊಣಕೈವರೆಗೆ ನೀರು ಹಾಕಿಕೊಂಡು ವುಜೂ ಮಾಡುತ್ತಾನೆ. ಸಂಗಮದ ಯಾತ್ರಿಕನು ತಲೆಯ ಮೇಲೆ ಹೊಳೆಯನ್ನೇ ಹೊತ್ತಂತೆ ಮೂರು ಮುಳುಗು ಹಾಕುತ್ತಾನೆ. ಹವಳಗಾ, ಭೂಸನೂರುಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಬೆಳೆಯುವವನು ಕರೆಂಟು ಬಂದ ಅಪರಾತ್ರಿಯಲ್ಲಿ ಎದ್ದು ಪಂಪು ಹಚ್ಚಿ, ಕೆಸರಿನಲ್ಲಿ ನಿಂತು ಸಾಲಿನಿಂದ ಸಾಲಿಗೆ ನೀರು ತಿರುವುತ್ತಾನೆ. ಕತ್ತಲೆಯಲ್ಲಿ ಹೊಳೆಯುವ ಗುರುತೂ, ನಿಮಿಷವನ್ನು ಎಣಿಸಿಕೊಡುವ ಬಳೆಯೂ ಮುಳುಗುಗಾರನಿಗೆಷ್ಟೋ ಅವನಿಗೂ ಅಷ್ಟೇ ಉಪಯುಕ್ತ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ಹೊಕ್ಕಾಗ, ಎದೆಮಟ್ಟದ ನೀರಿನಲ್ಲಿ ಸಾಮಾನು ಹೊತ್ತು ಹೊರಬಂದ ಜನಕ್ಕೆ ಗಡಿಯಾರವನ್ನು ಬಿಚ್ಚಿಡುವ ಅವಕಾಶವಿದ್ದಿತೇ?

ಆದುದರಿಂದ ನನ್ನ ಆಯ್ಕೆ ನಿಸ್ಸಂದೇಹವಾಗಿ ಡೈವ್ ವಾಚಿನದು. ಆದರೆ ಕೊಳ್ಳುವವನು ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಡಯಲಿನ ಮೇಲೆ 30 ಮೀಟರು ಎಂದು ಬರೆದಿದ್ದರೆ ಅದು ಕೈತೊಳೆಯುವಾಗ ಸಿಡಿಯುವ ಹನಿಗಳಿಗೆ ಮಾತ್ರ ಸಾಕು. ಪ್ರಯೋಗಶಾಲೆಯ ನಿಶ್ಚಲ ಒತ್ತಡದ ಅಂಕಿಯದು. ಸ್ನಾನಕ್ಕೂ ಈಜಿಗೂ 100 ಮೀಟರು ಬೇಕು. ಅಂತರರಾಷ್ಟ್ರೀಯ ನಿಯಮವೂ ಮುಳುಗುಗಾರರ ಗಡಿಯಾರಕ್ಕೆ ಅದನ್ನೇ ಕನಿಷ್ಠವೆಂದು ಗೊತ್ತುಮಾಡಿದೆ. ಚಾವಿಯು ತಿರುಪಿನಿಂದ ಬಿಗಿಯುವಂತಹದಿರಲಿ. ಚರ್ಮದ ಪಟ್ಟಿ ಬೆವರಿಗೆ ಕೊಳೆಯುವುದು. ಉಕ್ಕಿನದಾಗಲಿ ರಬ್ಬರಿನದಾಗಲಿ ಲೇಸು. ಗಾತ್ರದಲ್ಲಿ 40 ಮಿಲಿಮೀಟರನ್ನು ಮೀರದಿದ್ದರೆ ತೋಳಂಗಿಯ ಕೆಳಗೆ ಅಡಗಿ, ಕಚೇರಿಗೂ ಮದುವೆಗೂ ಒಪ್ಪುವುದು. ಇವಿಷ್ಟೂ ಇದ್ದರೆ ಹೆಸರು ಸ್ವಿಸ್ಸೋ ಜಪಾನಿಯೋ ದೇಶೀಯವೋ ಎಂಬ ಚರ್ಚೆ ನನಗೆ ಮುಖ್ಯವಲ್ಲ.

ಅಜ್ಜನ ಸೀ ಕಿಂಗನ್ನೂ ತಂದೆಯ ಜನತಾವನ್ನೂ ವಾರಕ್ಕೊಮ್ಮೆ ಚಾವಿ ಕೊಟ್ಟು ನಡೆಯಿಸಿರಿ, ಹಬ್ಬಹರಿದಿನಗಳಲ್ಲಿ ಧರಿಸಿರಿ. ಹಳೆಯ ಡಯಲಿನ ಮೇಲೆ ‘ವಾಟರ್‌ಪ್ರೂಫ್’ ಎಂದಿರುವುದನ್ನು ನಂಬಿ ಅವುಗಳನ್ನು ನೀರಿಗೆ ಒಡ್ಡಬೇಡಿರಿ. ನಿತ್ಯದ ಡೈವ್ ವಾಚಿನ ರಬ್ಬರು ಸುತ್ತುಗಳನ್ನು ನಮ್ಮ ಬೇಸಗೆಯ ತಾಪವನ್ನು ನೆನೆದು ಎರಡು ಮೂರು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ, ಒತ್ತಡದ ಪರೀಕ್ಷೆ ಮಾಡಿಸಿರಿ. ಸಂಗಮಕ್ಕೆ ಇಳಿಯುವ ಮುನ್ನ ಚಾವಿಯ ತಿರುಪು ಪೂರ್ತಿ ಬಿಗಿದಿದೆಯೇ ಎಂದು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಳ್ಳಿರಿ.