ಸಂಶಿಯಿಂದ ಬೆಂಗಳೂರು ಎಷ್ಟು ದೂರ?

ನಮ್ಮ ಹಿರಿಯರು ದಾರಿಯನ್ನು ಹರದಾರಿಗಳಲ್ಲಿ ಅಳೆಯುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಚಕ್ಕಡಿಗೆ ಹೂಡಿದ ಎತ್ತು ದಿನಕ್ಕೆ ಏಳು ಹರದಾರಿ ನಡೆದರೆ ಹೆಚ್ಚು. ಆ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹನ್ನೆರಡು ದಿನಗಳ ಪಯಣ. ಇಂದು ವಿಮಾನವು ಆ ಅಂತರವನ್ನು ಸುಮಾರು ಒಂದು ತಾಸಿನಲ್ಲಿ ದಾಟುತ್ತದೆ. ಹನ್ನೆರಡು ದಿನ ಒಂದು ತಾಸಾದ ಈ ಚರಿತ್ರೆಯನ್ನು ಕುಂದಗೋಳ ತಾಲೂಕಿನ ಸಂಶಿಯಲ್ಲಿ ನಿಂತು ನೋಡಿದರೆ ಅದರ ಬಣ್ಣವೇ ಬೇರೆಯಾಗುತ್ತದೆಂದು ನನ್ನ ಎಣಿಕೆ.

ಈ ಎರೆನಾಡಿನ ಅರಳೆ ಒಂದು ಕಾಲಕ್ಕೆ ಚಕ್ಕಡಿಯೇರಿ, ಘಟ್ಟವಿಳಿದು ಕುಮಟಾ ಬಂದರವನ್ನು ಸೇರುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ಪರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. 1876-78ರ ಭೀಕರ ಬರವು ಚಕ್ಕಡಿಯನ್ನೇ ನಂಬಿದ ನಾಡಿನ ಗತಿಯೇನೆಂಬುದನ್ನು ತೋರಿಸಿತು. ಧಾನ್ಯವನ್ನು ಹೊತ್ತು ತರಬೇಕಾದ ಎತ್ತಿಗೇ ಮೇವಿರಲಿಲ್ಲ. ಆ ಬರದ ಬೆನ್ನಿಗೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1886ರಲ್ಲಿ ಹುಬ್ಬಳ್ಳಿ-ಹರಿಹರ ಹಾದಿ ತೆರೆಯಿತು. 1889ರಲ್ಲಿ ಹರಿಹರದಿಂದ ಬೆಂಗಳೂರಿನವರೆಗೂ ಕಂಬಿ ಕೂಡಿತು. ಕುಂದಗೋಳ, ಸಂಶಿ, ಗುಡಗೇರಿಗಳು ಈ ಹಾದಿಯ ನಿಲ್ದಾಣಗಳಾದವು.

ಅದೇ 1886ರಲ್ಲಿ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಹುಟ್ಟಿದರು. ಮುಂದೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡರು. ಆ ಗಾಡಿ ಎಷ್ಟು ವೇಗವಾಗಿ ಓಡುತ್ತಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಅದು ಕುಂದಗೋಳದಲ್ಲಿ ನಿಲ್ಲುತ್ತಿತ್ತು, ಅಷ್ಟೇ ಸಾಕಾಗಿತ್ತು.

ಇನ್ನು ಆಕಾಶಮಾರ್ಗ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಹುಬ್ಬಳ್ಳಿಯವರು ಬೆಂಗಳೂರಿಗೆ ಅಗ್ಗದ ದರದಲ್ಲಿ ಹಾರಬೇಕಾದರೆ 2003ರವರೆಗೆ, ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬರುವವರೆಗೆ, ಕಾಯಬೇಕಾಯಿತು. ರೈಲಿನ ಹಾದಿ ಸುಮಾರು 470 ಕಿಲೋಮೀಟರ್. ಆಕಾಶದ ಹಾದಿ ಸುಮಾರು 370. ಆದರೆ 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣವು ಊರ ಮಗ್ಗುಲಿನಿಂದ ದೇವನಹಳ್ಳಿಗೆ ಸರಿಯಿತು. ಬಾನಿನಲ್ಲಿ ಉಳಿಸಿದ ಹೊತ್ತಿನಲ್ಲಿ ಒಂದು ಪಾಲನ್ನು ನೆಲ ಮರಳಿ ವಸೂಲು ಮಾಡಿತು.

ಸಂಶಿಯವನ ಪಾಡು ಇನ್ನೂ ಸ್ವಾರಸ್ಯವಾದುದು. ಅವನ ಊರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲೇ ಇದೆ. ವಿಮಾನವೇರಬೇಕಾದರೆ ಅವನು ಬೆಂಗಳೂರಿಗೆ ಬೆನ್ನು ಮಾಡಿ, ಸುಮಾರು ಮೂವತ್ತು ಕಿಲೋಮೀಟರ್ ಹಿಂದಕ್ಕೆ ಹೋಗಬೇಕು. ಅಲ್ಲಿ ಒಂದು ತಾಸಾದರೂ ಮೊದಲೇ ಹಾಜರಾಗಬೇಕು. ಇಳಿದ ಮೇಲೆ ದೇವನಹಳ್ಳಿಯಿಂದ ಪಟ್ಟಣಕ್ಕೆ ಮತ್ತೆ ತಾಸಿಗಿಂತ ಹೆಚ್ಚಿನ ದಾರಿ. ಎಲ್ಲ ಕೂಡಿಸಿದರೆ, ಒಂದು ತಾಸಿನ ಹಾರಾಟ ನಾಲ್ಕೈದು ತಾಸಿನ ಪ್ರವಾಸವಾಗುತ್ತದೆ. 2023ರ ಜೂನಿನಲ್ಲಿ ಆರಂಭವಾದ ಧಾರವಾಡ-ಬೆಂಗಳೂರು ವಂದೇ ಭಾರತ್ ರೈಲನ್ನು ಹಿಡಿಯಲಿಕ್ಕೂ ಅವನು ಹುಬ್ಬಳ್ಳಿಗೇ ಹೋಗಬೇಕು. ಹೋಗಿ ಹತ್ತಿದರೆ, ಸ್ವಲ್ಪ ಹೊತ್ತಿಗೆ ತನ್ನ ಊರೇ ಕಿಟಕಿಯಾಚೆ ಸರ್ರನೆ ಸರಿದು ಹೋಗುವುದನ್ನು ನೋಡಬೇಕು.

ವೇಗವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವಸರದ ರೋಗಿಗೆ, ಕೋರ್ಟಿನ ವಾಯಿದೆಯಿದ್ದವನಿಗೆ ಉಳಿದ ಒಂದೊಂದು ತಾಸೂ ಬೆಲೆಯುಳ್ಳದ್ದು. ಆದರೆ ಎರಡು ಪಟ್ಟಣಗಳ ನಡುವಣ ಹೊತ್ತನ್ನು ಲೆಕ್ಕ ಹಾಕುವಾಗ, ನಡುವೆ ಇರುವ ಊರುಗಳ ಹೊತ್ತನ್ನೂ ಅದೇ ಖಾತೆಯಲ್ಲಿ ಬರೆಯಬೇಕು. ಸಂಶಿಯಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿ ನಿಧಾನದ್ದೇ ಇರಬಹುದು. ಸಂಶಿಯವನಿಗೆ ಬೆಂಗಳೂರನ್ನು ಮೊದಲು ಹತ್ತಿರ ತಂದದ್ದು ಅಂಥ ಗಾಡಿಯೇ.