ಮಳಖೇಡದಲ್ಲಿ ಬರೆದ ಭಯದ ಕಥೆ

ಗಾಥಿಕ್ ಕಾದಂಬರಿ ಅಂದ್ರೆ ಹಾಳು ಕೋಟೆ, ಗುಡುಗಿನ ರಾತ್ರಿ, ದೆವ್ವ ಇಷ್ಟೇ ನೆನಪಾಗ್ತವೆ. ಆದರೆ ಆ ಬಗೆಯ ಮೊದಲ ಕಾದಂಬರಿ ಅಂತ ಹೆಸರಾದ ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ (1764) ಓದಿ ನೋಡಿ, ಹೆದರಿಸೋದು ಮನೆ ಮಂದಿಯೇ. ಮಗ ಸತ್ತ ಮೇಲೆ ಸೊಸೆಯಾಗಬೇಕಿದ್ದ ಹುಡುಗಿಯನ್ನ ಮ್ಯಾನ್‌ಫ್ರೆಡ್ ತಾನೇ ಮದುವೆಯಾಗಲು ಹೊರಡ್ತಾನೆ. ಕೊನೆಗೆ ಆಕೆಯೇ ಅಂದ್ಕೊಂಡು ಸ್ವಂತ ಮಗಳಿಗೆ ಚೂರಿ ಹಾಕ್ತಾನೆ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನಲ್ಲೂ (1818) ಆ ಜೀವಿ ತನ್ನನ್ನು ಸೃಷ್ಟಿಸಿದವನ ಮೈ ಮುಟ್ಟೋದಿಲ್ಲ, ಅವನ ತಮ್ಮನನ್ನ, ಗೆಳೆಯನನ್ನ, ಹೆಂಡತಿಯನ್ನ ಕೊಲ್ತದೆ.

ಇದಕ್ಕೆ ಸುಮಾರು 800 ವರ್ಷ ಮೊದಲೇ ಇಂಥದ್ದೊಂದು ಕಥೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ತಯಾರಾಗಿತ್ತು ಅಂದ್ರೆ ನಮ್ಮ ಕಡೆಯವರೇ ನಂಬೋದು ಕಷ್ಟ. ಆಗ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿದ್ದ ಪುಷ್ಪದಂತ ಕವಿ 965ರಲ್ಲಿ ಅಪಭ್ರಂಶ ಭಾಷೆಯ ಮಹಾಪುರಾಣ ಮುಗಿಸಿದ. ಆಮೇಲೆ ಭರತನ ಮಗ ನನ್ನನ ಆಶ್ರಯದಲ್ಲಿ ‘ಜಸಹರಚರಿಉ’ ಬರೆದ. ಜಸಹರ ಅಂದ್ರೆ ಯಶೋಧರ. ಇದೇ ಕಥೆಯನ್ನ 1209ರಲ್ಲಿ ಜನ್ನ ಕನ್ನಡಕ್ಕೆ ತಂದ.

ರಾಜ ಯಶೋಧರ ಒಂದು ರಾತ್ರಿ ತನ್ನ ರಾಣಿ ಒಬ್ಬ ಕುರೂಪಿ ಸೇವಕನ ಹತ್ತಿರ ಹೋಗೋದನ್ನ ಕಾಣ್ತಾನೆ. ಕತ್ತಿ ಎತ್ತಿದವನು ಹೊಡೆಯೋದಿಲ್ಲ. ಬೆಳಿಗ್ಗೆ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ, ಕೆಟ್ಟ ಕನಸು ಬಿತ್ತು ಅಂತಾನೆ. ಕಥೆ ಕೆಡೋದು ಇಲ್ಲೇ. ಮಗನಿಗೆ ಕೆಟ್ಟ ಕನಸು ಬಿತ್ತು ಅಂದ್ರ ನಮ್ಮೂರಾಗ ಯಾವ ಅವ್ವ ಸುಮ್ನ ಕೂಡ್ತಾಳ ಹೇಳ್ರಿ? ದೃಷ್ಟಿ ತೆಗೀತಾಳ, ಹರಕಿ ಹೊರ್ತಾಳ. ಚಂದ್ರಮತಿ ದೇವಿಗೆ ಬಲಿ ಕೊಡು ಅಂದಳು. ಜೀವಹಿಂಸೆ ಬೇಡ ಅಂತ ಮಗ, ಕೊಡಲೇಬೇಕು ಅಂತ ತಾಯಿ. ಕೊನೆಗೆ ಹಿಟ್ಟಿನ ಹುಂಜಕ್ಕೆ ಒಪ್ಪಂದ ಆಯ್ತು. ಜನ್ನನ ಕಾವ್ಯದಲ್ಲಿ ಕತ್ತಿ ತಾಗಿದಾಗ ಆ ಹಿಟ್ಟಿನ ಹುಂಜ ಕೂಗ್ತದೆ! ಹಾಳು ಕೋಟೆಯ ಯಾವ ದೆವ್ವವೂ ನನ್ನನ್ನ ಅಷ್ಟು ಹೆದರಿಸಿಲ್ಲ.

ಆಮೇಲೆ ರಾಣಿ ತಾಯಿ-ಮಗ ಇಬ್ಬರಿಗೂ ವಿಷ ಇಕ್ಕಿ ಕೊಲ್ತಾಳೆ. ಅಲ್ಲಿಗೂ ಬಿಡುಗಡೆ ಇಲ್ಲ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಅದೇ ಅರಮನೆಗೆ ಬರ್ತಾರೆ. ನಾಯಿ ನವಿಲನ್ನ ಕೊಲ್ತದೆ, ನಾಯಿಯನ್ನ ಯಶೋಧರನ ಮಗ ಯಶೋಮತಿ ಕೊಲ್ತಾನೆ. ಇನ್ನೊಂದು ಜನ್ಮದಲ್ಲಿ ಅಪ್ಪ ಮೀನಾಗಿ, ತನ್ನದೇ ಶ್ರಾದ್ಧದ ಅಡುಗೆಗೆ ಬೇಯ್ತಾನೆ. ಮಗ ಮಾತ್ರ ಭಕ್ತಿಯಿಂದ ಅಪ್ಪನಿಗೆ ಸದ್ಗತಿ ಕೋರ್ತಿರ್ತಾನೆ.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಹೊರಗಿನ ಹ್ಯಾಕರ್‌ಗಿಂತ ಪಾಸ್‌ವರ್ಡ್ ಗೊತ್ತಿರೋ ಒಳಗಿನವನ ಬಗ್ಗೆ ಹೆಚ್ಚು ಎಚ್ಚರ ಇರಬೇಕು ಅಂತಾರೆ. ಯಶೋಧರನ ಪಾಸ್‌ವರ್ಡ್ ಅವ್ವನ ಹತ್ತಿರ ಇತ್ತು. ಆಕೆ ಕೆಟ್ಟವಳಲ್ಲ, ಅದೇ ಸಂಕಟ. ಓದಿದವರೆಲ್ಲ ರಾಣಿ ಅಮೃತಮತಿಯನ್ನ ಬೈತಾರೆ. ನನಗೆ ಮಾತ್ರ ಮಗನನ್ನ ಕಟ್ಟಿಹಾಕಿದ್ದು ತಾಯಿಯ ಕಕ್ಕುಲಾತಿ ಅಂತ ಅನ್ನಿಸ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದಲ್ಲೂ ರಾಜ ನಲುಗೋದು ತಾಯಿ ಮತ್ತು ಹೆಂಡತಿಯ ನಡುವೆ ಸಿಕ್ಕು.

972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನ ಸೂರೆ ಮಾಡಿದ. ಈಗ ಕಾಗಿಣಾ ನದಿ ದಂಡೆಯ ಕೋಟೆ ನೋಡಲು ಬಂದವರು ನೃಪತುಂಗನನ್ನ, ಕವಿರಾಜಮಾರ್ಗವನ್ನ ನೆನೀತಾರೆ. ಪುಷ್ಪದಂತನನ್ನ ಕೇಳೋರು ಕಡಿಮಿ.