ಮ್ಯಾಲೆ ಕೋಟು, ಕೆಳಗ ಧೋತರ, ಕಾಲಾಗ ಬೂಟು

ನಮ್ಮ ಕಡೆ ಹಳೇ ಮನಿ ಯಾವುದಕ್ಕ ಹೋದ್ರೂ ಪಡಸಾಲಿ ಗ್ವಾಡಿ ಮ್ಯಾಲೆ ಇಂಥಾದ್ದೊಂದು ಫೋಟೋ ಇರ್ತದ. ಕುರ್ಚಿ ಮ್ಯಾಲೆ ಕೂತ ಒಬ್ಬ ಅಜ್ಜ. ತಲಿಗೆ ರುಮಾಲು, ಮೈಮ್ಯಾಲೆ ಕುತ್ತಿಗಿ ತನಕ ಗುಂಡಿ ಹಾಕಿದ ಕರೇ ಕೋಟು, ಹೆಗಲಿಗೆ ಉಪರಣಿ, ಕೆಳಗ ಕಚ್ಚಿ ಧೋತರ, ಕಾಲಾಗ ಪಾಲಿಶ್ ಮಾಡಿದ ಬೂಟು. ಈಗಿನ ಹುಡುಗ್ರು ನೋಡಿ ನಗ್ತಾರ. "ಮ್ಯಾಲಿನ ಅರ್ಧ ಲಂಡನ್ನು, ಕೆಳಗಿನ ಅರ್ಧ ಧಾರವಾಡ" ಅಂತಾರ. ಅದೇ ಹುಡುಗ್ರು ಹರಿದ ಜೀನ್ಸ್ ಮ್ಯಾಲೆ ಕೋಟು ಏರಿಸಿ, ಕಾಲಿಗೆ ಮಿಲಿಟ್ರಿ ಬೂಟು ಹಾಕ್ಕೊಂಡು ಲಗ್ನಕ್ಕ ಹೋಗ್ತಾರ, ಅದಕ್ಕ ಮಾತ್ರ ಫ್ಯಾಶನ್ ಅಂತ ಹೆಸರು. ಇರ್ಲಿ ಬಿಡ್ರಿ. ಆ ಅಜ್ಜಗೋಳು ತಿಳೀಲಾರದ ಹಂಗ ಕಲಬೆರಕಿ ಮಾಡ್ಕೊಂಡಿದ್ರು ಅನ್ನೂದನ್ನ ಮಾತ್ರ ನಾ ಒಪ್ಪೂದಿಲ್ಲ. ಆ ವೇಷದ ಒಂದೊಂದು ಅರಿವಿನೂ ಒಂದೊಂದು ಬಾಗಿಲು ದಾಟಲಿಕ್ಕೆ ಹಾಕ್ಕೊಂಡದ್ದು.

ಕಾಲಿನಿಂದ ಸುರು ಮಾಡೋಣ, ಯಾಕಂದ್ರ ಜಗಳ ಸುರು ಆಗಿದ್ದೂ ಅಲ್ಲಿಂದನ. ನಮ್ಮಲ್ಲಿ ದೇವರ ಮುಂದ, ಹಿರೇರ ಮುಂದ ಹೋಗಬೇಕಾದ್ರ ಕಾಲ್ಮರಿ ಹೊರಗ ಬಿಡೂದು. ತಲಿ ಮ್ಯಾಲಿನ ರುಮಾಲು ಮಾತ್ರ ತಗೀಬಾರದು. ಇಂಗ್ಲಿಷರದು ಪೂರಾ ಉಲ್ಟಾ. ಒಳಗ ಬಂದಕೂಡ್ಲೆ ಹ್ಯಾಟ್ ತಗೀತಾರ, ಬೂಟು ಕಾಲಾಗ ಹಂಗ ಇರ್ತದ. ಅವರವರ ಪದ್ಧತಿ ಅವರವರಿಗೆ ಅಂತ ಬಿಟ್ಟಿದ್ರ ಆಗ್ತಿತ್ತು. ಸಾಹೇಬರು ಬಿಡಲಿಲ್ಲ. 1820ರ ದಶಕದಾಗ ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟ್, ತನ್ನ ಮುಂದ ಬರೂ ಹಿಂದುಸ್ತಾನದ ಮಂದಿ ಕಾಲ್ಮರಿ ಬಿಟ್ಟು ಬರಬೇಕು ಅಂದ. ಡಾಲ್‌ಹೌಸಿ ಕಾಲಕ್ಕ, ಅಂದ್ರ 1848ರಿಂದ 1856ರ ನಡುವ, ಅದು ಇನ್ನೂ ಬಿಗಿ ಆತು. ಯಾವ ಸರಕಾರಿ ಕಚೇರಿಗೆ ಹೋದ್ರೂ ಕಾಲ್ಮರಿ ಹೊರಗ. ಇಂಗ್ಲಿಷರ ಹಂಗ ಉಡುಪು ಹಾಕ್ಕೊಂಡವರಿಗೆ ಮಾತ್ರ ವಿನಾಯ್ತಿ.

ಕಚೇರಿ ಕರಕೂನನ ಜಾಗಾದಾಗ ನಿಂತು ಒಂದು ಸಲ ವಿಚಾರ ಮಾಡ್ರಿ. ನಮ್ಮೂರ ಕೆರವು ಹಾಕ್ಕೊಂಡು ಹೋದ್ರ ಬರಿಗಾಲಿಲೆ ನಿಲ್ಲಬೇಕು. ಬೂಟು ಹಾಕ್ಕೊಂಡು ಹೋದ್ರ ಕಾಲಿಗೆ ಮರ್ಯಾದಿ ಉಳೀತದ. ಯಾರ ಬೂಟು ಕೊಳ್ಳೂದಿಲ್ಲ ಹೇಳ್ರಿ?

ಎಲ್ಲಾರೂ ಸುಮ್ಮನ ಇರಲಿಲ್ಲ. 1862ರಾಗ ಸೂರತ್ ಕೋರ್ಟಿನಾಗ ಮಾಣೇಕ್‌ಜಿ ಕಾವಸ್‌ಜಿ ಎಂಟಿ ಅನ್ನೂ ಒಬ್ಬ ಅಸೆಸರ್ ಇದ್ದ. ಕಾಲ್ಮರಿ ತಗಿ ಅಂತ ಜಡ್ಜ್ ಸಾಹೇಬ ಹೇಳಿದ, ಹಿರೇರಿಗೆ ಮರ್ಯಾದಿ ಕೊಡೂ ನಿಮ್ಮ ಪದ್ಧತಿನ ಇದು ಅಂತ ವಾದ ಮಾಡಿದ. ಮಾಣೇಕ್‌ಜಿ ತಗೀಲಿಲ್ಲ. ಅವನನ್ನ ಒಳಗ ಬಿಡಲಿಲ್ಲ, ಅವ ಸೀದಾ ಮುಂಬೈ ಗವರ್ನರ್‌ಗೆ ತಕರಾರು ಬರದ. ಆಗ ಮಂದಿ ಮಾಡಿದ ವಾದ ನಮ್ಮ ಹೆಣ್ಣುಮಕ್ಕಳಿಗೆ ಭಾಳ ಲಗೂ ತಿಳೀತದ: ಮನಿಯಾಗ, ಗುಡಿಯಾಗ ಕಾಲ್ಮರಿ ಬಿಡೂದು ಓಣಿ ಹೊಲಸು ಒಳಗ ಬರಬಾರದು ಅಂತ, ಚರ್ಮದ ಮೈಲಿಗಿ ಬ್ಯಾಡ ಅಂತ. ಕೋರ್ಟು ಮನಿನೂ ಅಲ್ಲ, ಗುಡಿನೂ ಅಲ್ಲ, ಅಲ್ಲಿ ಯಾಕ ಬಿಡಬೇಕು? ಸೂರತ್ ಅಂದ್ರ ದೂರದ ಸುದ್ದಿ ಅಂತ ತಿಳೀಬ್ಯಾಡ್ರಿ. ಆಗ ನಮ್ಮ ಧಾರವಾಡನೂ ಅದೇ ಮುಂಬೈ ಪ್ರಾಂತ್ಯದಾಗ ಇತ್ತು, ಗವರ್ನರ್‌ನೂ ಅವನ.

ತಲಿ ಜಗಳ ಇದರ ತಮ್ಮ ಇದ್ದಂಗ. 1893ರಾಗ ಗಾಂಧಿ ದಕ್ಷಿಣ ಆಫ್ರಿಕಾಕ್ಕ ಹೋದಾಗ ಡರ್ಬನ್ ಕೋರ್ಟಿನಾಗ ರುಮಾಲು ತಗಿ ಅಂದ್ರು. ಅವರು ತಗೀಲಿಲ್ಲ, ಎದ್ದು ಹೊರಗ ಬಂದ್ರು. ಇಲ್ಲಿ ಕಾಲಿಂದು ತಗಿ, ಅಲ್ಲಿ ತಲಿಂದು ತಗಿ. ಒಟ್ಟಿನಾಗ ಏನರೆ ಒಂದು ತಗೀಬೇಕು.

ಇನ್ನ ಕೋಟು. ನಮ್ಮ ಪಶ್ಚಿಮದ ಕಡೆ ಇದನ್ನ ಮೊದಲು ಹಿಡಿದವರು ಪಾರ್ಸಿಗಳು. ಉದ್ದನೆ ಕೊರಳಪಟ್ಟಿ ಇಲ್ಲದ ಕೋಟು, ಅದರ ಕೆಳಗ ಸಡಿಲ ಪಾಯಿಜಾಮ, ತಲಿಗೆ ತಮ್ಮದೇ ಪೇಟಾ, ಕಾಲಿಗೆ ಬೂಟು, ಕೈಯಾಗ ಬೆತ್ತ. ವ್ಯಾಪಾರಕ್ಕ ಸಾಹೇಬರ ಜೋಡಿ ಕೂಡೂ ಮಂದಿ ಅವರು. ಕಚೇರಿ ಕೆಲಸ ಹಿಡಿದ ನಮ್ಮ ಮಂದಿನೂ ಕೋಟು ಹೊಲಿಸಿಕೊಂಡ್ರು, ಆದ್ರ ಪಾಯಿಜಾಮದ ತನಕ ಹೋಗಲಿಲ್ಲ, ಧೋತರಕ್ಕ ನಿಂತ್ರು. ಕೋಟಿನ ದೊಡ್ಡ ಸುಖ ಕಿಸೆ. ಧೋತರದಾಗ ಏನಿಟ್ರೂ ಸೊಂಟಕ್ಕ ಸಿಗಿಸಬೇಕು. ಕೋಟಿನಾಗ ಗಡಿಯಾರ, ಪೆನ್ನು, ಅಡಕಿ ಚೀಲ, ಕಾಗದಪತ್ರ ಎಲ್ಲಾ ಹಿಡೀತಿತ್ತು. (ನಮ್ಮ ಸೀರಿಗೆ ಇವತ್ತಿಗೂ ಯಾರೂ ಕಿಸೆ ಇಟ್ಟಿಲ್ಲ, ಅದು ಬ್ಯಾರೆ ಮಾತು.)

ಧೋತರ ಯಾಕ ಉಳೀತು ಅನ್ನೂದಕ್ಕ ಉತ್ತರ ಕಚೇರಿಯಾಗ ಸಿಗೂದಿಲ್ಲ, ನಮ್ಮ ಅಡಗಿ ಮನಿಯಾಗ ಸಿಗ್ತದ. ಹೊಲದ ಅರಿವಿ ಮಡಿಗೆ ಬರೂದಿಲ್ಲ. ಹೊಲಿಗಿ ಇಲ್ಲದ ಅರಿವಿ ದಿನಾ ನೀರಾಗ ಹಿಂಡಿ ಒಣಗಿಸಬಹುದು, ಉಟ್ಟುಕೊಂಡು ಊಟಕ್ಕ ಕೂಡಬಹುದು. ಕೋಟಿಗೆ ಆ ಭಾಗ್ಯ ಇಲ್ಲ. ವಿಚಿತ್ರ ನೋಡ್ರಿ, ಉಣ್ಣಿ ಧಾಬಳಿ ತೊಳೀದಿದ್ರೂ ಮಡಿ, ಅದೇ ಉಣ್ಣಿಯನ್ನ ಸಿಂಪಿಗ್ಯಾ ಕತ್ತರಿಸಿ ಕೋಟು ಹೊಲದ್ರ ಮೈಲಿಗಿ! ಅದಕ್ಕ ಗಂಡಸರು ಸಂಜಿಗೆ ಮನಿಗೆ ಬಂದ್ರ ಬೂಟು ಕಟ್ಟಿ ಕೆಳಗ, ಕೋಟು ಪಡಸಾಲಿ ಗೂಟಕ್ಕ, ಕಾಲು ತೊಳಕೊಂಡು ಧೋತರದ ಮ್ಯಾಲೆ ಒಳಗ. ಮೈಯಿಂದ ಇಂಗ್ಲಿಷರ ರಾಜ್ಯ ಇಳಸಲಿಕ್ಕೆ ಎರಡು ನಿಮಿಷ ಸಾಕಾಗ್ತಿತ್ತು. ನಮ್ಮ ಓಣಿ ಮಾಮಿ ಒಬ್ರು ಅಂತಿದ್ರು, ಕೋಟು ಅಂದ್ರ ಮನಿ ಅಳಿಯ ಇದ್ದಂಗ, ಮರ್ಯಾದಿ ಎಲ್ಲಾ ಕೊಡೂದು, ಅಡಗಿ ಮನಿಗೆ ಬಿಡೂದಿಲ್ಲ ಅಂತ.

ಇಷ್ಟು ಹೇಳಿ ಬಿಟ್ರ ಅರ್ಧಾ ಕತಿ ಹೇಳಿದಂಗ. ಸಾಹೇಬನ ಮುಂದ ಬರಿಗಾಲಿಲೆ ನಿಲ್ಲೂದು ಅಪಮಾನ ಅಂತ ತಕರಾರು ಮಾಡಿದ ಮಂದಿಯ ಊರಾಗನ, ಅವರದೇ ಓಣಿಯಾಗ ದಲಿತರು ಕೆರವು ಕೈಯಾಗ ಹಿಡಕೊಂಡು ದಾಟಬೇಕಾಗಿತ್ತು. ಕೆರವು ಮಾಡಿ ಕೊಡವರು ಅವರು. ಡೋಹರರು ಚರ್ಮ ಹದ ಮಾಡ್ತಿದ್ರು, ಸಮಗಾರರು ಹೊಲೀತಿದ್ರು. ಹಾಕ್ಕೊಳ್ಳೂ ಹಕ್ಕು ಮಾತ್ರ ಓಣಿ ನೋಡಿ. ಹರಳಯ್ಯನ ಕತಿ ನಿಮಗೆಲ್ಲಾ ಗೊತ್ತದ. ಅವನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡಿ ಚರ್ಮದ ಚಮ್ಮಾವಿಗಿ ಮಾಡಿ ತಂದಾಗ ಬಸವಣ್ಣ ಅದನ್ನ ಕಾಲಿಗೆ ಹಾಕ್ಕೊಳ್ಳಲಿಲ್ಲ, ತಲಿ ಮ್ಯಾಲೆ ಇಟ್ಕೊಂಡ. ಆ ಕತಿ ಕೇಳಿ ಕಣ್ಣೀರು ಹಾಕಿದ ನಾಡಿನಾಗನ ಈ ಓಣಿಗೋಳೂ ಇದ್ವು.

ಹಿಂಗಾಗಿ ಅಂಬೇಡ್ಕರ್ ಅವರ ಸೂಟು, ಟೈ, ಬೂಟನ್ನ ನಾವು ಬ್ಯಾರೆ ಕಣ್ಣಿಲೆ ನೋಡಬೇಕಾಗ್ತದ. ಗಾಂಧಿ 1921ರಾಗ ಮದುರೈನಾಗ ಅಂಗಿ ಬಿಟ್ಟು ಮೊಣಕಾಲ ಮಟದ ಪಂಜಿಗೆ ಬಂದ್ರು. ಅಂಬೇಡ್ಕರ್ ಉಲ್ಟಾ ದಾರಿ ಹಿಡಿದ್ರು. ಇದ್ದವರು ಬಿಡೂದಕ್ಕೂ, ಎಂದೂ ಮುಟ್ಟಗೊಡದವರು ಹಾಕ್ಕೊಳ್ಳೂದಕ್ಕೂ ಫರಕ್ ಅದ. 1927ರ ಡಿಸೆಂಬರ್‌ನಾಗ ಮಹಾಡದಾಗ ಅವರು ಹೆಣ್ಣುಮಕ್ಕಳಿಗೂ ಇದನ್ನ ಹೇಳಿದ್ರು. ನಿಮ್ಮ ಜಾತಿ ಇಂಥಾದ್ದು ಅಂತ ದೂರದಿಂದನ ತೋರಸೂ ಹಂಗ ಸೀರಿ ಉಡಬ್ಯಾಡ್ರಿ, ಭಾರದ ಹಿತ್ತಾಳಿ ಬೆಳ್ಳಿ ವಸ್ತ ಹೇರಿಕೋಬ್ಯಾಡ್ರಿ ಅಂತ. ಸೀರಿ ಉಡೂ ರೀತಿ ಅವತ್ತಿನಿಂದನ ಬದಲ ಮಾಡಿದ ಹೆಣ್ಣುಮಕ್ಕಳು ಇದ್ದಾರ. ಒಂದು ಗೇಣು ಸೀರಿ ಕೆಳಗ ಇಳಸೂದಕ್ಕ ಎಷ್ಟು ಧೈರ್ಯ ಬೇಕಾಗಿತ್ತು ಅಂತ ನಾವು ಕೂತು ಲೆಕ್ಕ ಹಾಕಬೇಕು.

ಹೆಂಗಸರು ಬೂಟು ಹಾಕ್ಕೊಂಡ ಕತಿ ಕೇಳಬೇಕಂದ್ರ ನಮ್ಮ ಕಾರವಾರದ ನೆನಪು ಬರ್ತದ. ಸತ್ಯೇಂದ್ರನಾಥ ಟಾಗೋರ್ ಹಿಂದುಸ್ತಾನದ ಮೊದಲ ಐ.ಸಿ.ಎಸ್. ಅಧಿಕಾರಿ. ಕಾರವಾರದಾಗ ಜಡ್ಜ್ ಆಗಿದ್ರು, ತಮ್ಮ ರವೀಂದ್ರನಾಥರು ಬಂದು ಇದ್ದದ್ದು ಈ ಅಣ್ಣನ ಮನಿಯಾಗನ. ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿ ಮುಂಬೈ ಕಡೆ ಪಾರ್ಸಿ ಹೆಂಗಸರನ್ನ ನೋಡಿ, ಸೆರಗು ಎಡಗಡೆ ಹೆಗಲಿಗೆ ತಂದು ಬ್ರೋಚ್ ಸಿಗಿಸಿ, ಒಳಗ ಕುಪ್ಪಸ, ಕಾಲಿಗೆ ಬೂಟು ಹಾಕ್ಕೊಂಡು ಕಲ್ಕತ್ತಾಕ್ಕ ಹೋದ್ರು. ಅಲ್ಲಿನ ಬ್ರಾಹ್ಮೋ ಸಮಾಜದ ಹೆಣ್ಣುಮಕ್ಕಳು ಅದನ್ನ ಹಿಡಕೊಂಡ್ರು, ಬ್ರಾಹ್ಮಿಕಾ ಸೀರಿ ಅಂತ ಹೆಸರಾತು. ಹೊರಗ ನಾಕು ಮಂದಿ ನಡುವ ಹೋಗಬೇಕಂದ್ರ ಹೆಂಗಸರಿಗೂ ಒಂದು ಉಡುಪು ಬೇಕಾಗಿತ್ತು, ಗಂಡಸರಿಗೆ ಕೋಟು ಬೇಕಾದಂಗ. ಇವತ್ತು ನಾವು ಉಡೂ ಸೀರಿಯಾಗೂ ಅದರ ಪಾಲು ಅದ.

ಮೈಸೂರು ಕಡೆ ಹೋದ್ರ ಕಲಬೆರಕಿ ಬ್ಯಾರೆ ಥರ. ವಿಶ್ವೇಶ್ವರಯ್ಯ ಅವರ ಮೈಮ್ಯಾಲೆ ಪೂರಾ ಸೂಟು, ಟೈ, ಬೂಟು. ತಲಿ ಮ್ಯಾಲೆ ಮಾತ್ರ ಜರದ ಮೈಸೂರು ಪೇಟಾ. ನಮ್ಮವರು ಸೊಂಟದ ಕೆಳಗ ಊರು ಉಳಿಸಿಕೊಂಡ್ರ ಅವರು ತಲಿ ಮ್ಯಾಲೆ ಉಳಿಸಿಕೊಂಡ್ರು. ಮುಂದ ಖಾದಿ ಬಂತು. 1924ರಾಗ ಬೆಳಗಾವಿ ಕಾಂಗ್ರೆಸ್ಸಿಗೆ ಗಾಂಧಿ ಅಧ್ಯಕ್ಷರಾಗಿ ಬಂದ ಕಾಲಕ್ಕ ರುಮಾಲಿನ ಜಾಗಾಕ್ಕ ಬಿಳೇ ಟೊಪಗಿ ಬಂತು, ವಿಲಾಯತಿ ಅರಿವಿ ಹೋತು. ಕೋಟಿನ ಹೊಲಿಗಿ ಮಾತ್ರ ಅದೇ ಉಳೀತು. ಕುರ್ತಾದ ಮ್ಯಾಲೆ ಹಾಕೂ ತೋಳಿಲ್ಲದ ಜಾಕೀಟು ಅದರ ಮೊಮ್ಮಗ.

ಈಗ 2025ರ ಜೂನ್ ತಿಂಗಳಿಗೆ ಬರ್ರಿ. ಇಟಲಿಯ ಮಿಲಾನ್‌ನಾಗ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ಇಟ್ಟಿತ್ತು. ಅಲ್ಲಿನ ಹುಡುಗ್ರ ಕಾಲಾಗ ಏನಿತ್ತು ಅಂದ್ರ ನಮ್ಮ ಕೊಲ್ಹಾಪುರಿ ಚಪ್ಲಿ, ಹೆಸರು ಹೇಳದ! ಗದ್ದಲ ಆದ ಮ್ಯಾಲೆ, ಹೌದು, ಹಿಂದುಸ್ತಾನದ ಚಪ್ಲಿ ನೋಡೇ ಮಾಡೇವಿ ಅಂತ ಒಪ್ಪಿಕೊಂಡ್ರು. ಆ ಚಪ್ಲಿಗೆ 2019ರಾಗನ ಭೌಗೋಳಿಕ ಸೂಚಕ ಅಂತ ಗುರುತು ಸಿಕ್ಕದ. ಮಹಾರಾಷ್ಟ್ರದ ನಾಕು ಜಿಲ್ಲಾ, ಕರ್ನಾಟಕದ ನಾಕು ಜಿಲ್ಲಾ: ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ. ಹೆಸರು ಕೊಲ್ಹಾಪುರದ್ದು, ಮಾಡೂ ಕೈ ನಮ್ಮ ಅಥಣಿ, ನಿಪ್ಪಾಣಿ ಕಡೇದ್ದೂ ಅವ. ಚರ್ಮಕ್ಕ ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡ್ತಾರ. ಪಟ್ಟಿ ಹೆಣೀಯೂದು, ಸಣ್ಣ ಹೊಲಿಗಿ, ಇದರಾಗ ಮನಿ ಹೆಣ್ಣುಮಕ್ಕಳ ಕೈಗೆಲಸ ಭಾಳ. ಆ ಅಜ್ಜಗೋಳು ಕಚೇರಿಗೆ ಹೋಗೂ ಮುಂದ ಕಟ್ಟಿ ಕೆಳಗ ಬಿಟ್ಟು ಬೂಟು ಏರಿಸ್ತಿದ್ದದ್ದು ಇದೇ ಚಪ್ಲಿನ.

ನಿಮ್ಮ ಮನಿ ಟ್ರಂಕಿನಾಗ ಹಿರೇರ ಕೋಟು ಇನ್ನೂ ಇದ್ರ ಹುಡುಗ್ರು ಕೇಳಿದ್ರ ಕೊಡ್ರಿ, ಜೀನ್ಸ್ ಮ್ಯಾಲೆ ಹಾಕ್ಕೊಳ್ಳಲಿ. ಕೊಡೂ ಮೊದಲು ನೆಳ್ಳಾಗ ಗಾಳಿಗೆ ಹಾಕ್ರಿ, ಬಿರುಬಿಸಿಲಿಗೆ ಬ್ಯಾಡ. ಬ್ರಶ್ ಹಚ್ಚಿ ಧೂಳಾ ಝಾಡಸ್ರಿ, ನೀರಾಗ ಮಾತ್ರ ಅದ್ದಬ್ಯಾಡ್ರಿ, ಉಣ್ಣಿ ಕುಗ್ಗತದ. ಡಾಂಬರ ಗುಳಿಗಿ ವಾಸನಿ ನಾಕು ದಿನಕ್ಕ ಹೋಗ್ತದ. ಚಪ್ಲಿ ಬಿರುಸಾಗಿದ್ರ ರಾತ್ರಿ ಒಂದೀಟು ಔಡಲ ಎಣ್ಣಿ ಸವರಿ ಇಡ್ರಿ. ಕಿಸೆ ತಪ್ಪದ ನೋಡ್ರಿ, ಅಡಕಿ ಚೂರೋ, ಹಳೇ ಚೀಟಿನೋ ಇದ್ರೂ ಇರಬಹುದು.